ಹನ್ನೊಂದು ನಿಮಿಷದ ಹೆಣ

ಇಟಲಿಯವರು ಕಳಿಸಿದ ಪಟ್ಟಿಯ ಹದಿನಾರನೆಯ ಸಾಲಿನಲ್ಲಿ ಹೀಗಿತ್ತು: ಸತ್ತ ಮನುಷ್ಯ, ಒಬ್ಬ. ವಯಸ್ಸಿಗೆ ಬಂದವನಾಗಿರಬೇಕು, ತೂಕ ಕಡಿಮೆ ಇರಬೇಕು, ಹನ್ನೊಂದು ನಿಮಿಷ ಅಲುಗಾಡದೆ ಮಲಗಬೇಕು. ಅದರ ಹಿಂದಿನ ಸಾಲಿನಲ್ಲಿ ಇಸ್ತ್ರಿ ಮೇಜು ಎರಡು, ಮುಂದಿನ ಸಾಲಿನಲ್ಲಿ ಕುಡಿಯುವ ನೀರಿನ ಕ್ಯಾನು ಹತ್ತು. ಮೇಜು, ಕ್ಯಾನು ಒಂದೊಂದು ಫೋನಿಗೆ ಬಂದವು. ಹೆಣ ಹುಡುಕುವುದಕ್ಕೆ ನನಗೆ ಒಂಬತ್ತು ದಿನ ಹಿಡಿಯಿತು.

ಆಗ ನಾನು ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದೆ. ಸೇರಿ ಎಂಟು ತಿಂಗಳಾಗಿತ್ತು. ಊರಿನ ಆ ಮೂಲೆಯಲ್ಲಿ ಬಂಡೆ ಒಡೆಯುವ ಸದ್ದು ಕೇಳದ ದಿನವೇ ಇರಲಿಲ್ಲ. ಒಂದು ಗಾಜಿನ ಕಟ್ಟಡದ ಪೂಜೆ ಮುಗಿಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದಕ್ಕೆ ಪಾಯ ತೋಡುತ್ತಿದ್ದರು. ದುಡ್ಡು ಬಂದಾಯಿತು, ಇನ್ನು ಸಂಸ್ಕೃತಿಯೂ ಬರಲಿ ಎಂದು ನಮ್ಮ ಕಂಪನಿಯ ಹಿರಿಯರಿಗೆ ಅನ್ನಿಸಿತು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ಒಂದು ಇಟಾಲಿಯನ್ ಆಪೆರಾ ತಂಡವನ್ನು ನಮ್ಮ ಕಂಪನಿಯ ಥಿಯೇಟರಿನಲ್ಲಿ ಶನಿವಾರ ಒಂದು, ಭಾನುವಾರ ಒಂದು ಆಟಕ್ಕೆ ಕರೆಸುವುದೆಂದು ತೀರ್ಮಾನವಾಯಿತು. ಆಪೆರಾ ಎಂದರೆ ಮಾತೇ ಇಲ್ಲದ ನಾಟಕ. ಬಾಗಿಲು ತೆಗೆ ಎನ್ನುವುದನ್ನೂ ಹಾಡಿಯೇ ಹೇಳಬೇಕು. ನಮ್ಮ ಆಫೀಸಿನಲ್ಲಿ ಅದನ್ನು ನೋಡಿದವರು ಯಾರೂ ಇರಲಿಲ್ಲ. ನೋಡಿದ್ದೇವೆ ಎಂದವರು ಆರು ಜನ ಇದ್ದರು.

ಬಂದ ತಂಡವೂ ಅಂಥ ದೊಡ್ಡದಲ್ಲ. ಇಪ್ಪತ್ತು ಚಿಲ್ಲರೆ ಜನ, ಒಂದು ಪಿಯಾನೊ, ನಾಲ್ಕಾರು ಪಿಟೀಲು. ತಮ್ಮ ದೇಶದಲ್ಲಿ ಅವರು ಬಸ್ಸು ಮಾಡಿಕೊಂಡು ಸಣ್ಣ ಸಣ್ಣ ಊರುಗಳ ಥಿಯೇಟರುಗಳಿಗೆ ಹೋಗಿ ಆಡುವವರು. ದೊಡ್ಡ ಪಟ್ಟಣದವರು ಅವರನ್ನು ಕರೆಯುತ್ತಿರಲಿಲ್ಲ. ಚಳಿಗಾಲದಲ್ಲಿ ಹೀಗೆ ದೂರದೇಶಕ್ಕೆ ಹೊರಡುತ್ತಿದ್ದರು. ಹಾಡುವವರನ್ನು ಮಾತ್ರ ಕರೆತಂದು, ಸುಮ್ಮನೆ ನಿಲ್ಲುವವರನ್ನು, ಹೊರೆ ಹೊರುವವರನ್ನು, ಸತ್ತವರನ್ನು ಹೋದ ಹೋದ ಊರಿನಲ್ಲೇ ಹುಡುಕಿಕೊಳ್ಳುವುದು ಅವರ ಪದ್ಧತಿ. ಆಟದ ಕಥೆ ಎರಡು ಸಾಲಿನದು. ಒಬ್ಬಳು ವಿಧವೆ ಮಗನನ್ನು ಸಮುದ್ರಕ್ಕೆ ಹೋಗಬೇಡ ಅನ್ನುತ್ತಾಳೆ, ಅವನು ಹೋಗಿ ಮುಳುಗುತ್ತಾನೆ. ಕೊನೆಯಲ್ಲಿ ಬೆಸ್ತರು ಹೆಣವನ್ನು ಚಟ್ಟದ ಮೇಲೆ ಹೊತ್ತು ತರುತ್ತಾರೆ, ತಾಯಿ ಅದರ ಮುಂದೆ ಹನ್ನೊಂದು ನಿಮಿಷ ಹಾಡುತ್ತಾಳೆ. ಮಗನ ಹಾಡುಗಳೆಲ್ಲ ಮೊದಲೇ ಮುಗಿದಿರುತ್ತವೆ. ಆ ಹಾಡುಗಾರ ದಪ್ಪಗಿದ್ದ, ಹೊರುವವರಿಗೆ ಸೊಂಟ ಉಳಿಯುತ್ತಿರಲಿಲ್ಲ. ಅದಕ್ಕೇ ಬೇರೆ ಹೆಣ.

"ಹಿಂದಿನ ಸೈಟಿನಲ್ಲಿ ಇರುವವರು ನಿಮ್ಮ ಕನ್ನಡದವರೇ ಅಲ್ಲವೇ? ಅವರನ್ನು ಕೇಳಿ" ಎಂದು ನಮ್ಮ ಮ್ಯಾನೇಜರ್ ನನಗೆ ಹೇಳಿದ. ತೆಲುಗಿನವನು, ಕೆಟ್ಟವನೇನಲ್ಲ. ಕನ್ನಡದವರೆಂದರೆ ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿರುತ್ತಾರೆ ಎಂದು ತಿಳಿದಿದ್ದ, ಅಷ್ಟೆ.

ಆಫೀಸಿನ ಹಿಂದಿನ ಸೈಟಿನಲ್ಲಿ ಕಾಂಕ್ರೀಟು ಹಾಕುತ್ತಿದ್ದವರು ರಾಯಚೂರು, ಯಾದಗಿರಿ ಕಡೆಯವರು. ಅವರ ಮೇಸ್ತ್ರಿ ಐವತ್ತರ ಹತ್ತಿರದವನು. ನಾನು ಪಟ್ಟಿ ಹಿಡಿದು ಹೋದರೆ ಮೊದಲು ಕುರ್ಚಿ ತರಿಸಿದ, ಆಮೇಲೆ ಕಥೆ ಕೇಳಿದ. ಸಮುದ್ರ, ವಿಧವೆ, ಮುಳುಗುವುದು ಎಲ್ಲ ಹೇಳಿದೆ. ಗಂಭೀರವಾಗಿ ತಲೆದೂಗಿದ.

"ಮೀನುಗಾರ ಆಗತೀವ್ರಿ ಅಕ್ಕಾರ. ಸಿಪಾಯಿ ಆಗ್ರಿ ಅಂದ್ರ ಸಿಪಾಯಿನೂ ಆಗತೀವಿ. ಹೆಣ ಮಾತ್ರ ಆಗಂಗಿಲ್ರಿ. ಊರಾಗ ಗೊತ್ತಾದ್ರ ಹೆಂಡ್ರು ಬಳಿ ಒಡಕೊಂತಾರ."

"ಹಂಗಾದ್ರ ಗೊಂಬಿ ಮಾಡಿ ಮಲಗಸೂಣು" ಎಂದೆ.

"ಗೊಂಬಿ ಅಂದ್ರ ಖಾಲಿ ಇದ್ದಂಗ ಆತಲ್ರಿ. ಖಾಲಿ ಚಟ್ಟ ಹೊತ್ರ ಅದು ಮನ್ಯಾಗ ಒಬ್ಬರನ್ನ ಬೇಡತೈತಿ. ಉಸಿರಿರೋ ಮನಷ್ಯಾನ್ನ ಮಲಗಸ್ರಿ, ಎಲ್ಲಿತನಕ ಅಂತೀರಿ ಅಲ್ಲಿತನಕ ಹೊರತೀವಿ."

ಆಫೀಸಿನ ಹುಡುಗರನ್ನು ಕೇಳಿದೆ. ನಗಾಡಿದರು, ಹೂಂ ಎಂದರು, ಮರುದಿನ ಅವರ ಅಮ್ಮಂದಿರು ಬೇಡ ಎಂದಿದ್ದರು. ಅಮೆರಿಕದ ಪ್ರಾಜೆಕ್ಟು ಮಾಡುವವರಿಗೂ ಮನೆಯಲ್ಲಿ ಅಮ್ಮಂದಿರು ಇರುತ್ತಾರೆ ಎಂದು ನನಗೆ ಆಗ ತಿಳಿಯಿತು.

ನಮ್ಮ ಮನೆ ಊರಿನ ಇನ್ನೊಂದು ತುದಿಗೆ, ನಾಚಾರಂ ಕಡೆ. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದ. ಲೇತ್ ಮುಂದೆ ಮೂವತ್ತೆರಡು ವರ್ಷ ನಿಂತು ನಿವೃತ್ತನಾದವನು. ಗದಗಿನ ಕಡೆಯಿಂದ ಬಂದವನಿಗೆ ಕಾಲೊನಿಯ ಕನ್ನಡ ಸಂಘವೇ ಊರು. ಪ್ರತಿ ನವೆಂಬರಿನಲ್ಲಿ ಸಂಘದ ನಾಟಕ, ಪ್ರತಿ ನಾಟಕದಲ್ಲೂ ಅಪ್ಪನೇ ರಾಜ. ಅವನ ದನಿ ಎಂಥದೆಂದರೆ ಮೈಕು ಕೆಟ್ಟರೆ ಜನ ಖುಷಿಪಡುತ್ತಿದ್ದರು.

ಆ ದನಿ ಹೋಗಿ ಎರಡು ವರ್ಷವಾಗಿತ್ತು. ಗಂಟಲಲ್ಲಿ ಗಂಟು ಕಾಣಿಸಿತು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಬುಡದಲ್ಲಿ ಒಂದು ತೂತು ಉಳಿಯಿತು, ಅದರಿಂದಲೇ ಉಸಿರಾಟ. ಅದನ್ನು ಮುಚ್ಚಲು ಸದಾ ಒಂದು ತೆಳು ಕರವಸ್ತ್ರ ಕಟ್ಟಿಕೊಂಡಿರುತ್ತಿದ್ದ. ನೀರಿಗೆ ಇಳಿಯುವುದೊಂದು ಬಿಟ್ಟು ಏನು ಬೇಕಾದರೂ ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ಅಪ್ಪ ಏನನ್ನೂ ಮಾಡಲಿಲ್ಲ. ಗೇಟು ದಾಟಿದರೆ ಆಸ್ಪತ್ರೆಗೆ ಮಾತ್ರ. ಸಂಘದ ಕಾರ್ಯದರ್ಶಿ ನೋಡಲು ಬಂದರೆ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ನಮ್ಮೊಂದಿಗೆ ಮಾತಾಡಲು ಮಕ್ಕಳ ಮ್ಯಾಜಿಕ್ ಸ್ಲೇಟು ಇಟ್ಟುಕೊಂಡಿದ್ದ. ಕಡ್ಡಿಯಿಂದ ಬರೆಯುವುದು, ಮೇಲಿನ ಹಾಳೆ ಎತ್ತಿದರೆ ಅಕ್ಷರ ಮಾಯ. ದಿನಕ್ಕೆ ಹತ್ತು ಮಾತು ಬರೆದರೆ ಹೆಚ್ಚು. ಅವನು ಹಾಗೇ ಒಣಗಿಹೋಗುತ್ತಿದ್ದಾನೆ ಎನ್ನುವುದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಹೆಣ ಸಿಗದ ಕಥೆಯನ್ನು ಅವ್ವನಿಗೆ ಹೇಳುತ್ತ ಎಲ್ಲರನ್ನೂ ಬೈದೆ. ಅಪ್ಪ ರೊಟ್ಟಿ ಬಿಟ್ಟು ಕೈ ಒರೆಸಿಕೊಂಡು ಸ್ಲೇಟು ಎಳೆದುಕೊಂಡ. "ನಾ ಆಗತೀನಿ" ಎಂದು ಬರೆದ.

ಅವ್ವ ಓದಿದಳು. "ಏನ್ರಿ, ಬುದ್ಧಿಗಿದ್ಧಿ ಐತೇನು? ದವಾಖಾನ್ಯಾಗ ಯಮನ ಕೈಯಿಂದ ಜಗ್ಗಿ ತಂದೀನಿ ನಿಮ್ಮನ್ನ. ಈಗ ನೀವಾಗೇ ಹೋಗಿ ಚಟ್ಟದ ಮ್ಯಾಲೆ ಮಲಗತೀರೇನು?"

ಅಪ್ಪ ಹಾಳೆ ಎತ್ತಿ ಮತ್ತೆ ಬರೆದ. "ಮಾತಿಲ್ಲದ ಪಾರ್ಟು. ನನಗ ಬರೋಬ್ಬರಿ."

"ಪಾರ್ಟು ಮಾಡೂದಿದ್ರ ಜೀವಂತ ಇರೋ ಪಾರ್ಟು ಮಾಡ್ರಿ!"

"ಅದಕ್ಕ ದನಿ ಬೇಕು."

ಅವ್ವ ಅದನ್ನು ಓದಿ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಗಿ ಕೇಳಿತು. ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಹಸಿ ದಾರಕ್ಕೆ ಅರಿಶಿಣದ ಕೊಂಬು ಕಟ್ಟಿ ತಂದು, ಯಾವ ದೇಶದ ಅಂಗಿ ಹಾಕಿಸಿದರೂ ಒಳಗೆ ಇದು ಇರಬೇಕು ಎಂದು ಅಪ್ಪನ ಕೈಗೆ ಕೊಟ್ಟಳು. ಅದೇ ಒಪ್ಪಿಗೆ ಎಂದು ನಾವು ತಿಳಿದುಕೊಂಡೆವು.

ಸೆಕ್ಯೂರಿಟಿಯವರ ಬಳಿ ಎರಡೇ ಬಗೆಯ ಬ್ಯಾಡ್ಜು ಇದ್ದವು, ಗೆಸ್ಟ್ ಮತ್ತು ಲೇಬರ್. ಗೆಸ್ಟ್ ಬ್ಯಾಡ್ಜಿನವರು ರಂಗದ ಹಿಂದೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಅಪ್ಪನ ಹೆಸರನ್ನು ಸೈಟಿನವರ ಪಟ್ಟಿಯ ಕೊನೆಗೆ ಸೇರಿಸಿದೆ. ಅವನು ನನ್ನ ಅಪ್ಪ ಎಂದು ಮ್ಯಾನೇಜರಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೆಣ ಸಿಕ್ಕಿತೇ ಎಂದು ಕೇಳಿದ, ಸಿಕ್ಕಿತು ಎಂದೆ, ಅವನು ಮುಂದಿನ ಸಾಲಿಗೆ ಹೋದ.

ಮೂರು ದಿನ ತಾಲೀಮು. ಮೊದಲ ದಿನ ಆಫೀಸಿನ ಕ್ಯಾಬ್‌ನಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಕಿಟಕಿಗೆ ಮುಖ ಕೊಟ್ಟು ಕೂತಿದ್ದ. ಎರಡು ವರ್ಷದಲ್ಲಿ ಊರು ಎಷ್ಟು ಬೆಳೆದಿದೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದ. ರಂಗದ ಹಿಂದೆ ಹೋದ ಮೇಲೆ ಅವನ ನಡಿಗೆಯೇ ಬದಲಾಯಿತು. ಕಬ್ಬಿಣದ ಟ್ರಂಕುಗಳು, ತೇಪೆ ಹಾಕಿದ ಪರದೆ, ಮೂಲೆಯಲ್ಲಿ ಸ್ಟೋವಿನ ಮೇಲೆ ತಾವೇ ಕಾಫಿ ಕಾಯಿಸಿಕೊಳ್ಳುತ್ತಿದ್ದ ಹೆಂಗಸರು, ಹಾಡಿನ ಸಾಲು ಮರೆತವರಿಗೆ ಎತ್ತಿಕೊಡಲು ರಂಗದ ಮುಂದಿನ ಗೂಡಿನಲ್ಲಿ ಪುಸ್ತಕ ಹಿಡಿದು ಕೂತ ಒಬ್ಬ ಮುದುಕಿ. ಅಪ್ಪ ಎಲ್ಲವನ್ನೂ ಒಂದು ಸುತ್ತು ನೋಡಿ ಬಂದು ಬರೆದ: "ಇವ್ರೂ ಕ್ಯಾಂಪ್ ಮಂದಿನ." ನಮ್ಮ ಕಡೆಯ ನಾಟಕ ಕಂಪನಿಗಳು ಊರೂರಿಗೆ ಹೋಗಿ ಡೇರೆ ಹಾಕುವುದಕ್ಕೆ ಕ್ಯಾಂಪ್ ಅನ್ನುತ್ತಾರೆ. ಚಿಕ್ಕಂದಿನಲ್ಲಿ ಅಪ್ಪ ಅವುಗಳ ಹಿಂದೆಯೇ ಬಿದ್ದಿದ್ದವನು.

ತಂಡದ ನಿರ್ದೇಶಕಿಗೆ ಅವನು ತುಂಬ ಹಿಡಿಸಿದ. ಅರವತ್ತರ ಗಟ್ಟಿ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವವಳು. ಎಷ್ಟು ಊರಿನ ಹೆಣಗಳನ್ನು ನೋಡಿದ್ದೇನೆ, ಎಲ್ಲರ ಮೂಗಿನ ಹೊಳ್ಳೆಯೂ ಅಲುಗುತ್ತದೆ, ಇವನದು ಮಾತ್ರ ಅಲುಗುವುದಿಲ್ಲ ಎಂದು ಹರುಕು ಇಂಗ್ಲಿಷಿನಲ್ಲಿ ಹೇಳಿದಳು. ಅಪ್ಪ ಮೂಗಿನಿಂದ ಉಸಿರಾಡುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಬೆಸ್ತರ ಕೊರಳವಸ್ತ್ರದ ಕೆಳಗೆ ಆ ತೂತು ಮರೆಯಾಗಿತ್ತು. ಅವನ ಕೊರತೆಯೇ ಅಲ್ಲಿ ಅವನ ಹೆಚ್ಚುಗಾರಿಕೆಯಾಯಿತು. ಸಂಜೆ ಮನೆಗೆ ಬಂದು ಅದನ್ನು ಅವ್ವನಿಗೆ ಹೇಳಿದೆ. ಅವ್ವ ನಗಲಿಲ್ಲ, ಆದರೆ ಇನ್ನೊಂದು ಸಲ ಹೇಳು ಎಂದಳು.

ಸೈಟಿನವರೂ ಅಪ್ಪನೂ ಎರಡನೆಯ ದಿನದಷ್ಟರಲ್ಲಿ ಒಂದಾಗಿದ್ದರು. ಚಟ್ಟ ಹೊರುವ ನಾಲ್ವರಲ್ಲಿ ಮೇಸ್ತ್ರಿಯೂ ಒಬ್ಬ. ಅಪ್ಪನಿಗೆ ಯಜಮಾನ್ರು ಎನ್ನುತ್ತಿದ್ದ, ಸ್ಲೇಟಿನಲ್ಲಿ ಬರೆದದ್ದನ್ನು ಅಕ್ಷರ ಕೂಡಿಸಿ ಓದಿ ಉಳಿದವರಿಗೆ ಹೇಳುತ್ತಿದ್ದ. ಅವರೆಲ್ಲ ಸಿಂಧನೂರು, ಲಿಂಗಸುಗೂರು ಕಡೆ ಕಂಪನಿ ನಾಟಕ ನೋಡಿ ಬೆಳೆದವರು. ಯಾವ ಕಂಪನಿಯ ಯಾವ ನಟಿ ಎಷ್ಟು ಚೆನ್ನಾಗಿ ಅಳುತ್ತಿದ್ದಳು ಎಂದು ಊಟದ ಹೊತ್ತಿನಲ್ಲಿ ವಾದ ಮಾಡುತ್ತಿದ್ದರು. ಎರಡು ವರ್ಷ ದಿನಕ್ಕೆ ಹತ್ತು ಮಾತು ಬರೆದವನು ಅಲ್ಲಿ ಹಾಳೆ ಎತ್ತಿ ಎತ್ತಿ ಸ್ಲೇಟು ಹರಿಯುವಷ್ಟು ಬರೆದ. ನನಗೆ ಸಂತೋಷವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಮೊದಲ ಆಟ. ಆಫೀಸಿನವರಿಗೆ ಹಂಚಿದ ಪಾಸುಗಳಲ್ಲಿ ಅರ್ಧ ಮೇಜಿನ ಮೇಲೇ ಉಳಿದಿದ್ದವು. ನಾನು ಅವುಗಳಲ್ಲಿ ಒಂದು ಕಟ್ಟನ್ನು ಸಂಘದ ಕಾರ್ಯದರ್ಶಿಗೆ ಕೊಟ್ಟಿದ್ದೆ. ಅಪ್ಪ ರಂಗದ ಮೇಲೆ ಬರುತ್ತಾನೆ ಎಂದು ತಿಳಿದು ಸಂಘದ ಹಳೆಯ ನಟರು, ಅವರ ಹೆಂಡಂದಿರು, ಎರಡು ಸಾಲು ತುಂಬ ಬಂದಿದ್ದರು. ಕಾರ್ಯದರ್ಶಿ ರೇಷ್ಮೆಯ ಶಲ್ಯ ಹೊದ್ದಿದ್ದ. ಮುಂದಿನ ಸಾಲಿನಲ್ಲಿ ನಮ್ಮ ಕಂಪನಿಯ ಹಿರಿಯರು, ಒಬ್ಬಿಬ್ಬರು ವಿದೇಶಿ ಅತಿಥಿಗಳು. ನಾನು ರಂಗದ ಪಕ್ಕದ ಸೈಡಿನಲ್ಲಿ ನಿಂತಿದ್ದೆ.

ಎರಡು ತಾಸು ಸಭೆ ಮರ್ಯಾದೆಯಿಂದ ಕೂತಿತ್ತು. ಮಗ ಮುಳುಗಿದ. ನಾಲ್ವರು ಚಟ್ಟ ಹೊತ್ತು ಬಂದರು, ಇಳಿಸಿದರು, ಸಾಲಾಗಿ ನಿಂತರು. ಅಪ್ಪ ಮಲಗಿದ್ದ. ಮುಖಕ್ಕೆ ಬಿಳಿ ಬಣ್ಣ, ತುಟಿಗೆ ನೀಲಿ, ದೂರಕ್ಕೆ ವಯಸ್ಸು ತಿಳಿಯುತ್ತಿರಲಿಲ್ಲ. ತಾಯಿಯ ಪಾತ್ರದವಳು ಮೊಣಕಾಲೂರಿ ಹಾಡತೊಡಗಿದಳು. ಆ ಹಾಡಿನ ಒಂದು ಪದವೂ ನನಗೆ ತಿಳಿಯಲಿಲ್ಲ. ಆದರೆ ಕೊನೆಕೊನೆಗೆ ಅವಳು ದನಿಯನ್ನು ಇಳಿಸಿ ಇಳಿಸಿ, ಮಲಗಿದವನಿಗೆ ಮಾತ್ರ ಕೇಳುವಷ್ಟಕ್ಕೆ ತಂದಾಗ ನಾನು ಪರದೆಯ ಅಂಚಿನವರೆಗೂ ಸರಿದು ಕಿವಿಗೊಟ್ಟೆ. ಹಾಡು ಮುಗಿಯಿತು.

ಆಗ ಸಂಘದ ಕಾರ್ಯದರ್ಶಿ ಎದ್ದು ನಿಂತು, ಕೈಯೆತ್ತಿ, "ವನ್ಸ್ ಮೋರ್!" ಎಂದು ಕೂಗಿದ. ಎರಡೂ ಸಾಲುಗಳು ದನಿ ಕೂಡಿಸಿದವು.

ಕಂಪನಿ ನಾಟಕ ನೋಡದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹಾಡು ಹಿಡಿಸಿದರೆ ಜನ ವನ್ಸ್ ಮೋರ್ ಅನ್ನುತ್ತಾರೆ. ಅಂದ ಮೇಲೆ ಆಡಲೇಬೇಕು, ಆಡದಿದ್ದರೆ ಕೇಳಿದವರಿಗೆ ಅವಮಾನ. ಆಡುವುದೆಂದರೆ ಬರೀ ಹಾಡುವುದಲ್ಲ. ಹಾಡು ಎಲ್ಲಿಂದ ಶುರುವಾಯಿತೋ ಅಲ್ಲಿಗೆ ಎಲ್ಲರೂ ಹಿಂದಕ್ಕೆ ಹೋಗಬೇಕು. ಎದೆಗೆ ಬಾಣ ಬಿದ್ದವನಾದರೂ ಎದ್ದು, ಧೂಳು ಕೊಡವಿಕೊಂಡು, ಮೊದಲಿನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಸಂಘದ ನಾಟಕಗಳಲ್ಲಿ ಅಪ್ಪ ಇದನ್ನು ಶಿಸ್ತಾಗಿ ಪಾಲಿಸಿಕೊಂಡು ಬಂದಿದ್ದ.

ಅಪ್ಪ ಕಣ್ಣು ತೆರೆದ. ಎದ್ದು ಕೂತ. ಕೊರಳವಸ್ತ್ರ ಸರಿಮಾಡಿಕೊಂಡು ಚಟ್ಟದಿಂದ ಇಳಿದು, ಯಾವ ಅವಸರವೂ ಇಲ್ಲದೆ ಸೈಡಿನೊಳಕ್ಕೆ ನಡೆದುಬಂದ. ಮೇಸ್ತ್ರಿಯೂ ಉಳಿದ ಮೂವರೂ, ಖಾಲಿ ಚಟ್ಟ ಹೊರಬಾರದಲ್ಲ, ಅದನ್ನು ನೆಲದ ಮೇಲೇ ಎಳೆದುಕೊಂಡು ಅವನ ಹಿಂದೆಯೇ ಬಂದರು. ಐವರಲ್ಲಿ ಒಬ್ಬರಿಗೂ ಅನುಮಾನ ಇರಲಿಲ್ಲ. ನನ್ನ ಮುಂದೆಯೇ ಅಪ್ಪ ಮತ್ತೆ ಚಟ್ಟ ಏರಿ ಮಲಗಿ, ಕೈ ಜೋಡಿಸಿ, ಕಣ್ಣು ಮುಚ್ಚಿದ. ಒಬ್ಬ ಅವನ ಕಾಲಿನ ಬಟ್ಟೆ ಸರಿಪಡಿಸಿದ.

ಸಭೆಯಲ್ಲಿ ನಗೆ ಎದ್ದಿತು. ಮುಂದಿನ ಸಾಲಿನವರು ಬಿದ್ದು ಬಿದ್ದು ನಕ್ಕರು. ಸಂಘದವರು ಮಾತ್ರ ನಗದೆ ಚಪ್ಪಾಳೆ ತಟ್ಟುತ್ತಿದ್ದರು, ಅವರ ಪಾಲಿಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ತಾಯಿಯ ಪಾತ್ರದವಳು ಖಾಲಿ ನೆಲದ ಮುಂದೆ ಮೊಣಕಾಲೂರಿ ಕೂತಿದ್ದಳು. ವಾದ್ಯದವರ ಮುಂದೆ ಕೋಲು ಹಿಡಿದು ನಿಂತಿದ್ದ ಮುದುಕ ಸುತ್ತ ನೋಡಿದ, ಹೆಗಲು ಕುಣಿಸಿದ, ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದ. ವಾದ್ಯ ಶುರುವಾಯಿತು. ನಾಲ್ವರೂ ಚಟ್ಟ ಹೊತ್ತು ಮತ್ತೆ ರಂಗಕ್ಕೆ ಹೋದರು. ಅವಳು ಹನ್ನೊಂದು ನಿಮಿಷವೂ ಮತ್ತೆ ಹಾಡಿದಳು. ಎರಡನೆಯ ಸಲವೇ ಚೆನ್ನಾಗಿ ಹಾಡಿದಳು ಎಂದು ನನಗೆ ಅನ್ನಿಸಿತು. ಆದರೆ ಮುಂದಿನ ಸಾಲಿನಲ್ಲಿ ಕರವಸ್ತ್ರಗಳು ಬಾಯಿಯ ಮೇಲಿದ್ದವು, ಕಣ್ಣಿನ ಮೇಲೆ ಇರಲಿಲ್ಲ.

ಪರದೆ ಬಿದ್ದದ್ದೇ ನಿರ್ದೇಶಕಿ ರಂಗದ ಹಿಂದಿನ ಓಣಿಗೆ ಬಂದಳು. ಮುಖ ಕೆಂಪಾಗಿತ್ತು. ಅವಳ ಹಿಂದೆ ನಮ್ಮ ಮ್ಯಾನೇಜರ್ ಓಡಿಬಂದ. ಹಿರಿಯರು ನಕ್ಕದ್ದು ತಂಡವನ್ನು ನೋಡಿಯೋ ತನ್ನನ್ನು ನೋಡಿಯೋ ಎಂದು ತಿಳಿಯದೆ ಅವನು ಬೆವೆತಿದ್ದ. ಅಪ್ಪ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ, ನಾಲ್ವರೂ ಪಕ್ಕದಲ್ಲಿದ್ದರು. ಬಿಳಿ ಬಣ್ಣದ ಮುಖದಲ್ಲಿ ನಗೆ. ಎರಡು ವರ್ಷದ ಮೇಲೆ ಅವನ ಹಲ್ಲು ಕಂಡದ್ದು ಅವತ್ತೇ. ಸ್ಲೇಟಿನಲ್ಲಿ ಏನೋ ಬರೆದು ನನ್ನ ಕಡೆ ತಿರುಗಿಸುತ್ತಿದ್ದ.

"ಎವರೀ ಪೆದ್ದಾಯನ?" ಎಂದು ಮ್ಯಾನೇಜರ್ ನನ್ನನ್ನು ಕೇಳಿದ. ಈ ಮುದುಕ ಯಾರು ಎಂದು. ನಿರ್ದೇಶಕಿಯೂ ಇಂಗ್ಲಿಷಿನಲ್ಲಿ ಅದನ್ನೇ ಕೇಳಿದಳು. ಯಾರಿವನು, ಎಲ್ಲಿಂದ ತಂದಿರಿ?

"ಸೈಟ್ ಲೇಬರ್" ಎಂದೆ.

ಯಾಕೆ ಅಂದೆ ಎಂದು ಕಾರಣ ಹುಡುಕುತ್ತ ಕೂತರೆ ಹತ್ತು ಸಿಗುತ್ತವೆ. ಕೆಲಸ ಹೊಸದು, ಬ್ಯಾಡ್ಜಿನ ಮೇಲೂ ಹಾಗೇ ಇತ್ತು, ಅಪ್ಪನನ್ನು ಯಾಕೆ ತಂದೆ ಎಂದು ಬೈಯುತ್ತಿದ್ದರು. ಒಂದೂ ನಿಜವಲ್ಲ. ನಾಚಿಕೆಯಾಯಿತು, ಅಂದೆ. ಆ ಎರಡು ಪದ ಅಲ್ಲಿ ಎಲ್ಲರಿಗೂ ಗೊತ್ತಿದ್ದವು. ಇಟಲಿಯವಳಿಗೆ, ತೆಲುಗಿನವನಿಗೆ, ಅದನ್ನೇ ಹೆಸರಾಗಿ ಇಟ್ಟುಕೊಂಡು ದಿನ ದೂಡುತ್ತಿದ್ದ ಆ ನಾಲ್ವರಿಗೆ, ಮೂವತ್ತೆರಡು ವರ್ಷ ಕಾರ್ಖಾನೆಯಲ್ಲಿ ದುಡಿದ ನನ್ನ ಅಪ್ಪನಿಗೆ. "ಅಕ್ಕಾರ..." ಎಂದ ಮೇಸ್ತ್ರಿ, ಅಷ್ಟಕ್ಕೇ ನಿಲ್ಲಿಸಿದ.

ಅಪ್ಪ ಸ್ಲೇಟಿನ ಹಾಳೆ ಎತ್ತಿದ. ಅದರಲ್ಲಿ ಏನು ಬರೆದಿದ್ದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಿರ್ದೇಶಕಿಯ ಸಿಟ್ಟು ಆಗಲೇ ಅರ್ಧ ಇಳಿದಿತ್ತು. ಪಾಪ, ತಿಳಿಯದ ಜನ ಎಂದು ತಲೆಯಾಡಿಸಿದಳು. ನಾಳೆಯೂ ಇವನೇ ಬರಲಿ, ಆದರೆ ಸತ್ತವನು ಸತ್ತೇ ಇರಬೇಕು, ಯಾರು ಏನು ಕೂಗಿದರೂ ಏಳಬಾರದು, ಅವನ ಭಾಷೆಯಲ್ಲಿ ಹೇಳು ಎಂದಳು. ಅಪ್ಪನಿಗೆ ಇಂಗ್ಲಿಷು ಚೆನ್ನಾಗಿಯೇ ಬರುತ್ತಿತ್ತು. ಆದರೂ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು, ಅವನೂ ನೋಡುತ್ತಿದ್ದ.

"ನಾಳೆನೂ ಬರ್ರಿ" ಎಂದೆ. "ಯಾರ ಏನ ಅಂದ್ರೂ ಏಳಬ್ಯಾಡ್ರಿ."

ಅವ್ವ ಅಪ್ಪನಿಗೆ ರೀ ಅನ್ನುತ್ತಿದ್ದಳು, ನಾನು ಎಂದೂ ಬರ್ರಿ, ಹೋಗ್ರಿ ಅಂದವಳಲ್ಲ. ಹುಟ್ಟಿದಾಗಿನಿಂದ ಅಪ್ಪಾ, ನೀ. ನಾನು ರೀ ಹಚ್ಚುವುದು ಹೊರಗಿನವರಿಗೆ, ಬಸ್ಸಿನ ಕಂಡಕ್ಟರಿಗೆ, ಗುರುತಿಲ್ಲದ ಹಿರಿಯರಿಗೆ. ಮರ್ಯಾದೆಯ ಮಾತೇ ಅದು. ಆ ಓಣಿಯಲ್ಲಿ ಕನ್ನಡ ತಿಳಿದವರು ಅಪ್ಪ ಮತ್ತು ಆ ನಾಲ್ವರು ಮಾತ್ರ. ಅವರಿಗೆಲ್ಲ ನಾನು ಅವನ ಮಗಳೆಂದು ಗೊತ್ತಿತ್ತು. ನೀ ಎಂದಿದ್ದರೆ ಇನ್ನಿಬ್ಬರಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೂ ನಾನು ರೀ ಎಂದೆ.

ಅಪ್ಪ ಗೋಡೆ ಬಿಟ್ಟು ಮುಂದೆ ಬಂದ. ಬೆನ್ನು ಬಾಗಿಸಿದ, ಎರಡೂ ಕೈ ಹಣೆಗೆ ತಂದು ಮುಗಿದ, ಕಣ್ಣು ನೆಲಕ್ಕೆ ಹಾಕಿ ನಿಂತ. ನಾನು ಕೊಟ್ಟ ಪಾತ್ರವನ್ನು ಅಲ್ಲೇ ಎತ್ತಿಕೊಂಡು ಆಡಿದ. ಅವನ ಎಷ್ಟೋ ರಾಜರನ್ನು ನೋಡಿದ್ದೇನೆ. ಎಲ್ಲರಲ್ಲೂ ಅಪ್ಪನೇ ಕಾಣುತ್ತಿದ್ದ. ಈ ಸಲ ಅಪ್ಪ ಕಾಣಲಿಲ್ಲ. ನಿರ್ದೇಶಕಿ ಅವನ ಭುಜ ತಟ್ಟಿ ಹೋದಳು.

ಮುಖ ತೊಳೆದುಕೊಂಡು ಹೊರಗೆ ಬಂದವನು ಕ್ಯಾಬ್‌ನ ಬಾಗಿಲು ಹಿಡಿದು ನಿಂತಿದ್ದ ನನ್ನನ್ನು ದಾಟಿ ಹೋಗಿ ಸೈಟಿನವರ ಟೆಂಪೊ ಹತ್ತಿದ. ಮೇಸ್ತ್ರಿ ಕೈಕೊಟ್ಟು ಎಳೆದುಕೊಂಡ. ಅಲ್ಲಿಂದ ಎರಡು ಬಸ್ಸು ಬದಲಿಸಿ ಮನೆ ಸೇರಿರಬೇಕು. ಅಷ್ಟರಲ್ಲಿ ನಾನು ಬಂದು ಊಟಕ್ಕೆ ಕೂತಿದ್ದೆ. ಅವನೆಲ್ಲಿ ಎಂದು ಅವ್ವ ಕೇಳಿದ್ದಕ್ಕೆ, ಸಂಘದವರು ಸಿಕ್ಕರು, ಮಾತಾಡಿಕೊಂಡು ಬರುತ್ತಾನೆ ಎಂದಿದ್ದೆ. ಮಾತಾಡಿಕೊಂಡು ಎಂದು ಯಾಕೆ ಅಂದೆನೋ.

ಭಾನುವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೇ ಅವನು ಹೊರಟುಹೋಗಿದ್ದ. ಇವತ್ತು ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡು 'ನಿನ್ನೆ ತಪ್ಪು ಹೇಳಿದೆ, ಅವರು ನನ್ನ ತಂದೆ' ಎಂಬಷ್ಟನ್ನು ಬಾಯಿಪಾಠ ಮಾಡಿದೆ. ಒಂದು ಸಾಲಿನ ಕೆಲಸ. ಥಿಯೇಟರಿನ ಬಾಗಿಲಲ್ಲಿ ಮೇಸ್ತ್ರಿ ಎದುರಾದ. "ನಮಸ್ಕಾರ್ರಿ ಮೇಡಂ" ಎಂದ. ಅಲ್ಲಿಯವರೆಗೆ ಅಕ್ಕಾರ ಅನ್ನುತ್ತಿದ್ದವನು.

ಆ ದಿನ ಸಭೆ ಮುಕ್ಕಾಲು ಖಾಲಿ. ಸಂಘದವರು ಬಂದಿರಲಿಲ್ಲ. ಯಾರೂ ಏನೂ ಕೂಗಲಿಲ್ಲ. ಅಪ್ಪ ಹನ್ನೊಂದು ನಿಮಿಷ ಮಲಗಿದ್ದ, ಬೆರಳಿನ ತುದಿಯೂ ಅಲುಗಲಿಲ್ಲ. ನಾನು ಸೈಡಿನಲ್ಲಿ ನಿಂತು ಹಾಡು ಕೇಳಲಿಲ್ಲ, ಅವನ ಕೊರಳವಸ್ತ್ರವನ್ನೇ ನೋಡುತ್ತಿದ್ದೆ. ಅದು ಏಳುತ್ತದೆಯೇ ಇಳಿಯುತ್ತದೆಯೇ ಎಂದು. ಪರದೆ ಬಿದ್ದ ಮೇಲೆ ನಿರ್ದೇಶಕಿ ಎಲ್ಲ ಕಡೆ ಓಡಾಡುತ್ತಿದ್ದಳು. ಟ್ರಂಕುಗಳಿಗೆ ಬೀಗ ಬೀಳುತ್ತಿತ್ತು, ಅವರಿಗೆ ಅವತ್ತೇ ಚೆನ್ನೈ ರೈಲು. ನಾನು ಹತ್ತಿರ ಹೋದೆ. ನಿನ್ನ ಕೂಲಿಯವನು ಇವತ್ತು ಬಹಳ ಚೆನ್ನಾಗಿ ಸತ್ತ, ಅವನಿಗೆ ಹೇಳು ಎಂದಳು. ಥ್ಯಾಂಕ್ಯೂ ಎಂದೆ. ಆ ಸಾಲು ಬಾಯಲ್ಲೇ ಉಳಿಯಿತು. ಮ್ಯಾನೇಜರ್ ಎಲ್ಲರನ್ನೂ ಸೇರಿಸಿ ಫೋಟೊ ತೆಗೆಸಿದ. ಅಪ್ಪ ಹಿಂದಿನ ಸಾಲಿನಲ್ಲಿ ಮೇಸ್ತ್ರಿಯ ಪಕ್ಕ, ಬೆನ್ನು ಬಾಗಿಸಿಕೊಂಡೇ ನಿಂತ.

ಆಮೇಲೆ ಅಪ್ಪ ಮನೆಯಲ್ಲಿ ಕೂರಲಿಲ್ಲ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ವಾರದೊಳಗೆ ಸಂಘಕ್ಕೆ ಹೋದ, ಹುಡುಗರಿಗೆ ಸ್ಲೇಟಿನಲ್ಲೇ ನಾಟಕ ಕಲಿಸಿದ, ಭಾನುವಾರಗಳಲ್ಲಿ ಮೇಸ್ತ್ರಿಯ ಶೆಡ್ಡಿಗೂ ಹೋಗಿ ಬರುತ್ತಿದ್ದ. ಹೆಣದ ಪಾರ್ಟಿನಿಂದ ಜೀವ ಬಂತು ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ತಿರುಗಿದಳು.

ಆದರೆ ಆ ಸೋಮವಾರ ಬೆಳಿಗ್ಗೆ ನಾನು ಆಫೀಸಿಗೆ ತಯಾರಾಗಿ ಅಡುಗೆಮನೆಗೆ ಬಂದಾಗ ಅಪ್ಪ ಮೇಜಿನ ಆಚೆ ಪೇಪರು ಓದುತ್ತಿದ್ದ. ನನ್ನ ಲೋಟದ ಪಕ್ಕ ಸ್ಲೇಟು ಇಟ್ಟಿದ್ದ. ದುಂಡಗೆ, ಸಾವಕಾಶವಾಗಿ ಬರೆದ ಅಕ್ಷರ.

"ಚಾ ಆರತೈತಿ. ಕುಡೀರಿ."

ನಾನು ಅವನ ಮುಖ ನೋಡಿದೆ. ಪೇಪರು ಅಡ್ಡ ಇತ್ತು. ಅದು ಸಿಟ್ಟೋ, ಚೇಷ್ಟೆಯೋ, ಮಗಳನ್ನು ಕ್ಷಮಿಸುವ ಅಪ್ಪನ ರೀತಿಯೋ, ಅಥವಾ ಇನ್ನು ನೀನು ಹೊರಗಿನವಳು ಎಂಬ ತೀರ್ಮಾನವೋ. ಬಾಯಿಬಿಟ್ಟು ಅಂದಿದ್ದರೆ ದನಿಯಲ್ಲಿ ತಿಳಿದುಬಿಡುತ್ತಿತ್ತು, ಅಷ್ಟು ಚೆನ್ನಾಗಿ ಆ ದನಿ ನನಗೆ ಗೊತ್ತಿತ್ತು. ಬರೆದ ಅಕ್ಷರದಲ್ಲಿ ಏನೂ ಕೇಳಿಸಲಿಲ್ಲ. ಬದುಕಿದ್ದಷ್ಟು ದಿನವೂ ಅವನು ನನಗೆ ಹಾಗೆಯೇ ಬರೆದ. ಬರ್ರಿ, ಊಟ ಮಾಡ್ರಿ, ಹುಷಾರ ಹೋಗ್ರಿ. ನಾನು ಒಂದು ದಿನವೂ ಯಾಕೆಂದು ಕೇಳಲಿಲ್ಲ.

ಆ ಬೆಳಿಗ್ಗೆ ನಿಂತುಕೊಂಡೇ ಚಹಾ ಕುಡಿದೆ. ಹೊರಗೆ ಕ್ಯಾಬ್‌ನವನು ಎರಡು ಸಲ ಹಾರ್ನ್ ಹಾಕಿದ್ದ.